ಬೀಟಾ-2 ರಿಸೆಪ್ಟರ್: ರಚನೆಯ ಕಡತ ತೆರೆಯುವ ಮುನ್ನ

ಅಸ್ತಮಾ ಇರುವವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಹೋಗಿ ಕೂರುವುದು ಶ್ವಾಸನಾಳದ ಸ್ನಾಯುಕೋಶಗಳ ಪೊರೆಯಲ್ಲಿರುವ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್) ಮೇಲೆ. 413 ಅಮೈನೋ ಆಮ್ಲಗಳ ಈ ಸರಪಳಿ ಪೊರೆಯನ್ನು ಏಳು ಸಲ ದಾಟುತ್ತದೆ. ಹೊರಗೆ ಔಷಧ ಕೂತರೆ, ಒಳಗೆ ಸಂಕೇತ ಮುಂದಕ್ಕೊಯ್ಯುವ ಜಿಎಸ್ ಪ್ರೋಟೀನ್ (ಜಿ-ಪ್ರೋಟೀನ್‌ಗಳಲ್ಲಿ ಒಂದು) ಜಿಡಿಪಿ ಎಂಬ ಅಣು ಬಿಟ್ಟು ಜಿಟಿಪಿ ಹಿಡಿಯುತ್ತದೆ, ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಪ್ರಮಾಣ ಏರುತ್ತದೆ, ಸ್ನಾಯು ಸಡಿಲವಾಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆಲ್ಲ ಒಂದೇ ಬಾಣದ ಗುರುತು. ಜೀನ್ ಕ್ಲೋನ್ ಆದದ್ದು 1986ರಲ್ಲಿ. ಬ್ರಯಾನ್ ಕೋಬಿಲ್ಕಾ ತಂಡಕ್ಕೆ ಪ್ರೋಟೀನಿನ ಮೂರು ಆಯಾಮದ ರಚನೆ ಸಿಕ್ಕಿದ್ದು 2007ರಲ್ಲಿ.

ಇಷ್ಟು ತಡವಾಗಲು ಕಾರಣ, ಈ ಪ್ರೋಟೀನ್ ಒಂದು ಕಡೆ ನಿಲ್ಲುವುದಿಲ್ಲ. ರಚನೆ ತಿಳಿಯಲು ಪ್ರೋಟೀನಿನ ಹರಳು ಬೆಳೆಸಿ ಅದರ ಮೇಲೆ ಎಕ್ಸ್-ರೇ ಹಾಯಿಸಬೇಕು; ಹರಳು ಬೆಳೆಯಬೇಕಾದರೆ ಕೋಟ್ಯಂತರ ಅಣುಗಳು ಒಂದೇ ಭಂಗಿಯಲ್ಲಿರಬೇಕು. ಮೇಲಾಗಿ ಡಿಟರ್ಜೆಂಟ್ ಹಾಕಿ ಪೊರೆಯಿಂದ ಬಿಡಿಸಿದರೆ ಅದರ ಬಹುಪಾಲು ಡಿಟರ್ಜೆಂಟ್ ಒಳಗೆ ಮುಚ್ಚಿಹೋಗಿ, ಅಕ್ಕಪಕ್ಕದ ಅಣುಗಳು ತಾಗಲು ಜಾಗವೇ ಉಳಿಯುವುದಿಲ್ಲ. ಉಪಾಯ ಹೀಗೆ: ಐದು ಮತ್ತು ಆರನೇ ಹೆಲಿಕ್ಸ್ (ಪೊರೆ ದಾಟುವ ಸುರುಳಿ) ನಡುವೆ ಜೋತಾಡುವ ಮೂರನೇ ಒಳಕುಣಿಕೆಯಿಂದ 231–262ನೇ ಅಮೈನೋ ಆಮ್ಲಗಳ ಭಾಗ ಕತ್ತರಿಸಿ, ಅಲ್ಲಿ ಟಿ4 ಲೈಸೋಜೈಮ್ ಎಂಬ ಗಟ್ಟಿ ಪ್ರೋಟೀನ್ ಹೊಲಿಯುವುದು, ಬಾಲವನ್ನು 365ರಲ್ಲಿ ಮೊಟಕುಗೊಳಿಸುವುದು, ರಿಸೆಪ್ಟರ್ ತಡೆಯುವ ಕ್ಯಾರಜೋಲಾಲ್ ಔಷಧ ಹಾಕಿ ನಿಷ್ಕ್ರಿಯ ಭಂಗಿಯಲ್ಲಿ ಬಿಗಿದಿಡುವುದು.

ಹರಳು ಬೆಳೆದದ್ದು ಕೊಬ್ಬಿನಂಥ ಲಿಪಿಡ್ ಮತ್ತು ನೀರು ಪೊರೆಯಂತೆ ಹೆಣೆದುಕೊಂಡ ಮಿಶ್ರಣದಲ್ಲಿ, ಅಂದರೆ ಲಿಪಿಡಿಕ್ ಕ್ಯೂಬಿಕ್ ಫೇಸ್‌ನಲ್ಲಿ. ಎರಡು ಗ್ಯಾಸ್‌ಟೈಟ್ ಸಿರಿಂಜುಗಳನ್ನು ಕಪ್ಲರ್‌ನಿಂದ ಜೋಡಿಸಿ, ಒಂದರಲ್ಲಿ ಪ್ರೋಟೀನ್ ದ್ರಾವಣ, ಇನ್ನೊಂದರಲ್ಲಿ ಶೇ 10 ಕೊಲೆಸ್ಟರಾಲ್ ಬೆರೆಸಿದ ಮೊನೊಓಲೀನ್ ಎಂಬ ಲಿಪಿಡ್. ತೂಕದಲ್ಲಿ ಪ್ರೋಟೀನ್ ದ್ರಾವಣ ಎರಡು ಪಾಲು, ಲಿಪಿಡ್ ಮೂರು ಪಾಲು. ಅತ್ತಿಂದಿತ್ತ ತಳ್ಳುತ್ತ ಹೋದರೆ ಮೊದಲು ಬೆಳ್ಳಗೆ ಮಬ್ಬಾಗಿ, ಆಮೇಲೆ ಟೂತ್‌ಪೇಸ್ಟ್‌ನಷ್ಟು ಗಟ್ಟಿಯಾಗಿ, ಪೂರ್ತಿ ಪಾರದರ್ಶಕವಾಗಬೇಕು. ಮಬ್ಬು ಹೋಗದಿದ್ದರೆ ಸಾಮಾನ್ಯವಾಗಿ ಪಾಲು ತಪ್ಪಿದೆ ಎಂದೇ ಅರ್ಥ. ಪೋಲರೈಸರ್ ಅಡಿಯಲ್ಲಿ ಹೊಳೆದರೆ ಲ್ಯಾಮೆಲ್ಲಾರ್ ಫೇಸ್ (ಪದರ ಪದರವಾದ ಸ್ಥಿತಿ), ನೀರು ಕಡಿಮೆಯಾಗಿದೆ. ಕೋಣೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಮೊನೊಓಲೀನ್ ತಾನೇ ಗಟ್ಟಿಗಟ್ಟಿ, ಪ್ರೋಟೀನ್ ಹರಳು ಎಂದು ಮೋಸಗೊಳಿಸುತ್ತದೆ. ಎಸಿ ಜೋರಾಗಿಡುವ ಲ್ಯಾಬ್‌ಗಳಲ್ಲಿ ಇದನ್ನು ನೋಡಿಕೊಳ್ಳಬೇಕು. ಸಿಕ್ಕ ಹರಳುಗಳು ಎಷ್ಟು ಚಿಕ್ಕವೆಂದರೆ ಮೈಕ್ರೋಫೋಕಸ್ (ಅತಿ ಸಣ್ಣ ಬಿಂದುವಿಗೆ ಕೇಂದ್ರೀಕರಿಸಿದ) ಎಕ್ಸ್-ರೇ ಕಿರಣವೇ ಬೇಕಾಯಿತು, ಹಲವು ಹರಳುಗಳ ದತ್ತಾಂಶ ಸೇರಿಸಬೇಕಾಯಿತು. ರೆಸಲ್ಯೂಶನ್ (ಎಷ್ಟು ಸೂಕ್ಷ್ಮ ವಿವರ ಕಾಣುತ್ತದೆ ಎಂಬ ಅಳತೆ; ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) 2.4 ಆಂಗ್‌ಸ್ಟ್ರಾಮ್.

ಇಷ್ಟಾದರೂ ಇದು ಸಿಗ್ನಲ್ ಕೊಡದ ರಿಸೆಪ್ಟರ್. ಜಿಎಸ್ ಬಂದು ಕೂರಬೇಕಾದ ಬಾಗಿಲಲ್ಲೇ ಲೈಸೋಜೈಮ್ ಕೂತಿದೆ. ಹಾಗಾದರೆ ಚುರುಕುಗೊಳಿಸುವ ಔಷಧ ಹಾಕಿ ಹರಳು ಬೆಳೆಸಿದರೆ? ಕಳಚಿಹೋಗದಂತೆ ಅಂಟಿಸಿದ ಅಗೊನಿಸ್ಟ್ (ಅಂಥ ಚುರುಕುಗೊಳಿಸುವ ಔಷಧ) ಇದ್ದರೂ 2011ರ ಹರಳಿನಲ್ಲಿ ರಿಸೆಪ್ಟರ್ ನಿಷ್ಕ್ರಿಯ ಭಂಗಿಯಲ್ಲೇ ಇತ್ತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯ ಫಲಿತಾಂಶ ಇದೇ: ಇಲ್ಲಿ ಔಷಧವೊಂದೇ ಸಾಲದು, ಒಳಗಿನಿಂದ ಜಿ-ಪ್ರೋಟೀನೋ ಅದರ ಪಾತ್ರ ವಹಿಸುವ ನ್ಯಾನೋಬಾಡಿಯೋ (ಪ್ರತಿಕಾಯದ ಚಿಕ್ಕ ತುಣುಕು) ಹಿಡಿದರೆ ಮಾತ್ರ ಸಕ್ರಿಯ ಭಂಗಿ ಗಟ್ಟಿಯಾಗಿ ನಿಲ್ಲುತ್ತದೆ.

ಅದೇ ವರ್ಷ ಜಿಎಸ್ ಜೊತೆಗಿನ ಸಂಕೀರ್ಣವೂ 3.2 ಆಂಗ್‌ಸ್ಟ್ರಾಮ್‌ನಲ್ಲಿ ಬಂತು. ಈ ಸಲ ಲೈಸೋಜೈಮ್ ರಿಸೆಪ್ಟರ್ ಸರಪಳಿ ಶುರುವಾಗುವ ಎನ್-ತುದಿಗೆ ಹೋಯಿತು. ಬಿಡುಗಡೆಯಾದ ಜಿಡಿಪಿ ಮರಳಿ ಕೂತು ಜೋಡಿ ಬಿಡಿಸದಂತೆ ಅದನ್ನು ಒಡೆಯುವ ಅಪೈರೇಸ್ ಕಿಣ್ವ ಹಾಕಿದರು. ಮಾಮೂಲಿ ಡಿಟರ್ಜೆಂಟ್‌ನಲ್ಲಿ ಜೋಡಿ ನಿಲ್ಲದ್ದರಿಂದ ಎಂಎನ್‌ಜಿ-3 ಎಂಬ ಬೇರೆ ಡಿಟರ್ಜೆಂಟ್ ಬಳಸಿದರು. ಲಾಮಾ ಪ್ರಾಣಿಯಿಂದ ಪಡೆದ ಎನ್‌ಬಿ35 ನ್ಯಾನೋಬಾಡಿಯಿಂದ ಜಿಎಸ್ ಬಿಗಿದರು. 2012ರ ರಸಾಯನಶಾಸ್ತ್ರ ನೊಬೆಲ್ ಕೋಬಿಲ್ಕಾ ಮತ್ತು ರಾಬರ್ಟ್ ಲೆಫ್ಕೋವಿಟ್ಸ್ ಇಬ್ಬರಿಗೆ.

ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹವಾದ ಪಿಡಿಬಿಯಿಂದ (ಪ್ರೋಟೀನ್ ಡೇಟಾ ಬ್ಯಾಂಕ್) ಈ ಎರಡೂ ರಚನೆಗಳ ಕಡತ ಇಳಿಸಿಕೊಂಡು ಹೋಲಿಸುವುದು ಒಳ್ಳೆಯ ಅಭ್ಯಾಸ: ನಿಷ್ಕ್ರಿಯಕ್ಕೆ 2ಆರ್‌ಎಚ್1, ಸಕ್ರಿಯಕ್ಕೆ 3ಎಸ್‌ಎನ್6. ಲೈಸೋಜೈಮ್ ಭಾಗದ ಅಮೈನೋ ಆಮ್ಲಗಳ ಸಂಖ್ಯೆಗಳು 1002ರಿಂದ ಶುರು. ಒಂದರ ಮೇಲೊಂದು ಕೂರಿಸುವ ಮುನ್ನ ಅವನ್ನು ಅಳಿಸಿ, ಇಲ್ಲದಿದ್ದರೆ ಹೊಂದಾಣಿಕೆ ಆ ಕಡೆಗೆ ವಾಲುತ್ತದೆ. ಎರಡನೆಯದರಲ್ಲಿ ರಿಸೆಪ್ಟರ್ ಇರುವುದು ಆರ್ ಸರಪಳಿಯಲ್ಲಿ. ಎರಡೂ ರಚನೆಗಳಲ್ಲಿ 268ನೇ ಅಮೈನೋ ಆಮ್ಲವಾದ ಗ್ಲುಟಮೇಟಿನ ಆಲ್ಫಾ ಕಾರ್ಬನ್‌ಗಳ ನಡುವೆ ಅಳೆದರೆ ಆರನೇ ಹೆಲಿಕ್ಸ್ ಸುಮಾರು 14 ಆಂಗ್‌ಸ್ಟ್ರಾಮ್ ಹೊರಕ್ಕೆ ಸರಿದದ್ದು ಕಾಣುತ್ತದೆ. ಅದೇ 268 ಮತ್ತು ಆರ್ಜಿನಿನ್ 131ರ ನಡುವಿನ ಅಯಾನಿಕ್ ಬೀಗ (ನಿಷ್ಕ್ರಿಯ ಭಂಗಿಯನ್ನು ಹಿಡಿದಿಡುವ, ವಿರುದ್ಧ ವಿದ್ಯುದಾವೇಶಗಳ ಸೆಳೆತ) 2ಆರ್‌ಎಚ್1ರಲ್ಲೂ ತೆರೆದೇ ಇದೆ. ಅದನ್ನು ನೋಡಿ ರಿಸೆಪ್ಟರ್ ಅರೆ ಸಕ್ರಿಯ ಎಂದು ಬರೆದುಬಿಡಬೇಡಿ. ಪಕ್ಕದಲ್ಲೇ ಹೊಲಿದ ಲೈಸೋಜೈಮ್ ಪ್ರಭಾವ ಅಲ್ಲಿ ತಳ್ಳಿಹಾಕುವಂತಿಲ್ಲ.