ಹಾರುವ ಬೆಟ್ಟದ ಕೆಳಗೆ ರಾಗಿ ಬೆಳೆಯುತ್ತಾ?

ಭಾನುವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೂತಿದೆ. ಕೇಳಿದ್ದು ಅಕ್ಕನ ಮಗಳು, ಒಂಬತ್ತನೇ ಕ್ಲಾಸು. ನಾನು ಬರೆಯುತ್ತಿರುವ ಫ್ಯಾಂಟಸಿ ಕಾದಂಬರಿಯ ಮೊದಲ ಅಧ್ಯಾಯ ಅವಳ ಕೈಗೆ ಕೊಟ್ಟಿದ್ದೆ. ಅದರಲ್ಲಿ ಒಂದು ಬೆಟ್ಟ ನೆಲ ಬಿಟ್ಟು ಒಂದು ಕಿಲೋಮೀಟರ್ ಮೇಲೆ ನಿಲ್ಲುತ್ತದೆ. ಮೇಲೆ ಅರಮನೆ, ಕೆಳಗೆ ರಾಗಿ ಹೊಲ. ನಮ್ಮ ತಾರಸಿಗೆ ಹತ್ತಿದರೆ ಚಾಮುಂಡಿ ಬೆಟ್ಟ ಎದುರಿಗೇ ಇದೆ. ಈ ಬೆಟ್ಟ ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ ಅಲ್ವಾ.

ಓದಿ ಮುಗಿಸಿ ಅವಳು ಕೇಳಿದಳು: "ಮಾಮ, ಬೆಟ್ಟ ಮೇಲೆ ನಿಂತ್ರೆ ಕೆಳಗೆ ನೆರಳು ಬೀಳಲ್ವಾ? ರಾಗಿ ಹೆಂಗೆ ಬೆಳೀತಾರೆ?"

ಬೆಟ್ಟ ಹಾರಿದ್ದಕ್ಕೆ ಅವಳದು ಒಂದು ತಕರಾರೂ ಇಲ್ಲ. ಅದನ್ನು ಖುಷಿಯಿಂದ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ನೆರಳಿನ ಲೆಕ್ಕ ಕೇಳಿದಳು. ಎಂಥ ಓದುಗಳು ಸಿಕ್ಕಿದಳು ನನಗೆ!

ಮರುದಿನ ಆಫೀಸಿನಲ್ಲಿ ಇದನ್ನು ಹೇಳಿದರೆ ಗೆಳೆಯನೊಬ್ಬ, "ಮ್ಯಾಜಿಕ್ ಅಂದ್ಮೇಲೆ ಲಾಜಿಕ್ ಯಾಕೆ ಗುರು? ನೆರಳೇ ಬೀಳಲ್ಲ ಅಂತ ಬರೆದ್ಬಿಡು" ಅಂದ. ಒಳ್ಳೆಯವನು, ಕಷ್ಟಕ್ಕೆ ಓಡಿ ಬರುವವನು. ಆದರೂ ಆ ಮಾತಿಗೆ ಸಿಟ್ಟು ಬಂತು. ಇವತ್ತು ನೆರಳು ಬೇಡ, ನಾಳೆ ಹಸಿವು ಬೇಡ. ಆಮೇಲೆ ಆ ಊರಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಓದುವವರು ಯಾರಿಗೋಸ್ಕರ ಮರುಗಬೇಕು?

ರಕ್ತಬೀಜನ ಕಥೆ ನೋಡಿ. ಅವನ ರಕ್ತದ ಹನಿ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಮಾಯೆ ಅಷ್ಟೇ. ಹನಿ ಮಾತ್ರ ಎಲ್ಲ ಹನಿಗಳ ಹಾಗೆ ಕೆಳಗೇ ಬೀಳುತ್ತದೆ. ಅದಕ್ಕೇ ಚಾಮುಂಡಿ ಬಾಯಿ ತೆರೆದು, ನೆಲ ಮುಟ್ಟುವ ಮೊದಲೇ ಕುಡಿಯುತ್ತಾಳೆ. ಗುರುತ್ವಾಕರ್ಷಣೆ ಇರದಿದ್ದರೆ ಆ ಯುದ್ಧಕ್ಕೆ ಅರ್ಥವೇ ಇಲ್ಲ. ಭಸ್ಮಾಸುರನ ವರವೂ ಹಾಗೆ. ಒಮ್ಮೆ ಕೊಟ್ಟ ಮೇಲೆ ಕೊಟ್ಟ ಶಿವನೇ ಓಡಬೇಕಾಯಿತು. ನಮ್ಮ ಹಿಂದಿನವರು ಮಾಯೆಯನ್ನು ಇಷ್ಟು ಕಟ್ಟುನಿಟ್ಟಾಗಿ ನಡೆಸಿದ್ದಾರೆ.

ರಾಗಿ ಹೆಂಗೆ ಬೆಳೀತಾರೆ? ಮೊನ್ನೆ ರಾತ್ರಿ ಇಬ್ಬರೂ ಲೆಕ್ಕಕ್ಕೆ ಕೂತೆವು. ಬೆಟ್ಟದ ಅಗಲವೂ ಒಂದು ಕಿಲೋಮೀಟರ್ ಅಂದುಕೊಂಡೆವು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಮೈಸೂರಿನಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮೂರನೇ ವಾರದ ಹೊತ್ತಿಗೆ ಇನ್ನೊಮ್ಮೆ, ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ರಾಗಿ ಹೊಲದಲ್ಲೇ ಇರುತ್ತೆ. ಆಗ ನೇರ ಕೆಳಗಿನ ಊರಿಗೆ ಸುಮಾರು ಮೂರೂವರೆ ಗಂಟೆ ನೆರಳು. ಬೆಳಿಗ್ಗೆ ಅದೇ ನೆರಳು ಪಶ್ಚಿಮದ ಊರಿಗೆ, ಸಂಜೆ ಪೂರ್ವದ ಊರಿಗೆ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲುತ್ತಾನೆ. ಆಗ ಕೆಳಗಿನ ಊರಿಗೆ ಬಿಸಿಲು, ಉತ್ತರದ ಊರಿಗೆ ನೆರಳು.

"ಇನ್ನೂ ಮೇಲಕ್ಕೆ ಎತ್ತಿದ್ರೆ?" ಅಂದಳು. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. ಹಾಗಾಗಿ ಎತ್ತರ ಹೆಚ್ಚಿದಷ್ಟೂ ದಟ್ಟ ನೆರಳು ಕಿರಿದಾಗುತ್ತದೆ. ಪೂರ್ತಿ ಇಲ್ಲವಾಗಬೇಕಾದರೆ 100 ಕಿಲೋಮೀಟರಿಗೂ ಮೇಲೆ ಹೋಗಬೇಕು. ಅಲ್ಲಿ ಅರಮನೆಯವರಿಗೆ ಉಸಿರಾಡಲು ಗಾಳಿ ಇರಲ್ಲ.

ಅಲ್ಲಿಗೆ ಕಥೆ ತಾನಾಗೇ ಬಿಚ್ಚಿಕೊಂಡಿತು. ಬೆಟ್ಟವನ್ನು ಅತ್ತಿತ್ತ ಸರಿಸುವ ಮಂತ್ರ ಅರಮನೆಯವರಿಗೆ ಮಾತ್ರ ಗೊತ್ತು. ಸುತ್ತಲಿನ ಊರುಗಳು ಬಿಸಿಲಿನ ಸರದಿಗೆ ಅರ್ಜಿ ಹಿಡಿದು ನಿಲ್ಲುತ್ತವೆ. ನಾಲೆಯ ಕೊನೆ ಭಾಗದಲ್ಲಿ ನೀರಿಗೆ ಕಾಯುವವರನ್ನು ಮಂಡ್ಯದ ಕಡೆ ಕಂಡವರಿಗೆ ಈ ಜಗಳ ಹೊಸದಲ್ಲ. ಬಿಸಿಲು ಹಂಚುವ ಅಧಿಕಾರ ಕೆಲವರ ಕೈಗೇ ಸಿಕ್ಕರೆ ಏನೇನಾಗಬಹುದು? ಯಾವ ರಾಕ್ಷಸನ ಕಥೆಗಿಂತ ಇದನ್ನು ಬರೆಯುವ ಆಸೆ ನನಗೀಗ ಜಾಸ್ತಿ.

ನಿನ್ನೆ ಅವಳು ಇನ್ನೊಂದು ಎತ್ತಿದಳು. "ಶಕ್ತಿ ಸುಮ್ನೆ ಹುಟ್ಟಲ್ಲ ಮಾಮ. ಬೆಟ್ಟ ಎತ್ತೋಕೆ ಎಲ್ಲಿಂದ ತಂದ್ರು?" ಪಕ್ಕದ ದೊಡ್ಡ ಕೆರೆಯ ಶಾಖ ಹೀರಿಕೊಂಡರು ಅಂತ ಇಬ್ಬರೂ ತೀರ್ಮಾನಿಸಿದೆವು. ಬೆಟ್ಟ ಎದ್ದ ರಾತ್ರಿಯೇ ಕೆರೆ ಹೆಪ್ಪುಗಟ್ಟಿತು. ಹಿಮವನ್ನೇ ಕಾಣದ ಬೆಸ್ತರು ಬೆಳಿಗ್ಗೆ ಬಲೆ ಹಿಡಿದು ಬಂದರು. ಅವರು ಪರಿಹಾರ ಕೇಳಲು ಮೇಲಿನ ಅರಮನೆಗೆ ಹೇಗೆ ಹತ್ತುತ್ತಾರೆ ಅನ್ನುವುದು ಎರಡನೇ ಅಧ್ಯಾಯ.