ಚಂಬಿರಾ ನಾರಿನ ಚೀಲ

ಪೆರು ದೇಶದ ಅಮೆಜಾನ್ ಕಾಡಿನ ಅಂಪಿಯಾಕು ನದಿ ದಂಡೆಯಲ್ಲಿ ಬೋರಾ, ಹುಯಿಟೊಟೊ ಬುಡಕಟ್ಟಿನ ಹೆಂಗಸರು ಮಾಡುವ ಚೀಲ, ಬೆಲ್ಟುಗಳ ಫೋಟೋ ನೋಡುತ್ತಾ ಕೂತಿದ್ದೇನೆ. ಎಷ್ಟು ಚೆಂದದ ಹೆಣಿಗೆ!

ನಾರು ಸಿಗುವುದು ಚಂಬಿರಾ ಅನ್ನುವ ತಾಳೆ ಜಾತಿಯ ಮರದಿಂದ. ಕಾಂಡದ ತುಂಬಾ ಕಪ್ಪು ಮುಳ್ಳು. ಇನ್ನೂ ಬಿಚ್ಚಿಕೊಳ್ಳದ ಎಳೆ ಗರಿಯನ್ನಷ್ಟೇ ಕತ್ತರಿಸುತ್ತಾರೆ. ನಾರು ಬಿಡಿಸಿ, ಬೇಯಿಸಿ, ತೊಳೆದು, ಒಣಗಿಸಿ, ಆಮೇಲೆ ತೊಡೆಯ ಮೇಲೆ ಹೊಸೆದು ದಾರ ಮಾಡುತ್ತಾರೆ. ಕೆಂಪಿಗೆ ಅಚಿಯೋಟೆ ಅನ್ನುವ ಗಿಡದ ಬೀಜ. ಹಳದಿಗೆ ಅರಿಶಿನ! ಹೌದು, ನಮ್ಮ ಅಡುಗೆಮನೆಯ ಅರಿಶಿನವೇ. ನಮ್ಮ ಕಡೆಯಿಂದ ಹೋದ ಗಿಡ ಅಮೆಜಾನಿನಲ್ಲೂ ಬೇರೂರಿದೆ.

ಒಂದು ಗರಿಗಾಗಿ ಮರವನ್ನೇ ಉರುಳಿಸಿದರೆ ಮುಂದೆ ನಾರೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೇ ಕಾಂಡಕ್ಕೆ ಪೆಟ್ಟಾಗದಂತೆ ಗರಿ ಕೊಯ್ಯಬೇಕು, ಮತ್ತೆ ಚಿಗುರಲು ಬಿಡಬೇಕು. ಹೊಲಗಳಲ್ಲಿ ಚಂಬಿರಾ ನೆಟ್ಟು ಬೆಳೆಸುವವರೂ ಇದ್ದಾರೆ.

ನನ್ನನ್ನು ಜಾಸ್ತಿ ಕಾಡಿದ್ದು ಇವರ ಹಳೆಯ ಕಥೆ. 20ನೇ ಶತಮಾನದ ಆರಂಭದಲ್ಲಿ ಪುಟುಮಾಯೋ ನದಿ ಸೀಮೆಯಲ್ಲಿ ಇದೇ ಜನರನ್ನು ರಬ್ಬರ್ ಕಂಪನಿಯೊಂದು ಗುಲಾಮರಂತೆ ದುಡಿಸಿತು. ರಬ್ಬರ್ ಕಡಿಮೆ ತಂದರೆ ಚಾವಟಿ. ಸಾವಿರಾರು ಜನ ಸತ್ತರು. 1910ರಲ್ಲಿ ಬ್ರಿಟಿಷ್ ರಾಜತಾಂತ್ರಿಕ ರೋಜರ್ ಕೇಸ್‌ಮೆಂಟ್ ಅಲ್ಲಿಗೆ ಹೋಗಿ ಬರೆದ ವರದಿ ಓದಿದರೆ ನಿದ್ದೆ ಬರುವುದಿಲ್ಲ. ಅಂಥ ಜನರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ತಮ್ಮ ಕೈಯಾರೆ ಮಾಡಿದ್ದನ್ನು ಮಾರುತ್ತಿದ್ದಾರೆ. ಅದರಲ್ಲೂ ಚೌಕಾಸಿ ಮಾಡುವುದು ನ್ಯಾಯವಲ್ಲ, ಅಲ್ವಾ?

ಹತ್ತಿರದ ದೊಡ್ಡ ಊರು ಇಕಿಟೋಸ್. ಅಲ್ಲಿಂದ ಇವರ ಊರುಗಳಿಗೆ ದೋಣಿಯಲ್ಲೇ ಹೋಗಬೇಕು. ಯಾರಾದರೂ ಆ ಕಡೆ ಪ್ರವಾಸ ಹೊರಟಿದ್ದರೆ ದಯವಿಟ್ಟು ಚೀಲವನ್ನು ಹೆಣೆದವರ ಕೈಯಿಂದಲೇ ಕೊಳ್ಳಿ. ನನಗೂ ಒಂದು ತನ್ನಿ, ಹಳದಿ ಬಣ್ಣದ್ದು.