ನಟ್ ಬಿಗಿಯುವ ಹೊತ್ತು

ಒಂದೇ ಎಂಜಿಬಿ ಕಾರಿನ ಮುಂಭಾಗಕ್ಕೆ ಒಂದೇ ತಿಂಗಳಲ್ಲಿ ಎರಡು ಜೊತೆ ಸ್ಪ್ರಿಂಗ್ ಹಾಕಿದೆ. ಎರಡನೆಯ ಜೊತೆ ಬೇಕೇ ಇರಲಿಲ್ಲ, ಮೊದಲಿನದರಲ್ಲಿ ಯಾವ ದೋಷವೂ ಇರಲಿಲ್ಲ. ತಪ್ಪು ನಡೆದದ್ದು ನಾಲ್ಕು ನಟ್‌ಗಳಲ್ಲಿ. ಸರಿಯಾದ ನಟ್‌ಗಳನ್ನೇ ಸರಿಯಾದ ಜಾಗದಲ್ಲೇ ಹಾಕಿದ್ದೆ, ಬಿಗಿಯೂ ಸರಿಯಾಗಿತ್ತು. ಆದರೆ ಬಿಗಿಯಬಾರದ ಹೊತ್ತಿನಲ್ಲಿ ಬಿಗಿದಿದ್ದೆ.

ಹಳೆಯ ಸ್ಪೋರ್ಟ್ಸ್ ಕಾರುಗಳ ಚಾಸಿ ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ನಾನು ಫಿಟ್ಟರ್. ಬಂದದ್ದು 1971ರ ಎರಡು ಸೀಟಿನ ಎಂಜಿಬಿ. ಓಡಿಸುವವರಿಗೆ ಕಾರಿನ ಮೇಲೆ ತುಂಬ ಪ್ರೀತಿ. ತಿರುವಿನಲ್ಲಿ ಮುಂಭಾಗ ಜೋಲುತ್ತದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಚಕ್ರ ಸ್ವಲ್ಪ ತಡವಾಗಿ ಕೇಳುತ್ತದೆ ಅನ್ನುವುದು ಅವರ ದೂರು. ಸಾಮಾನನ್ನೆಲ್ಲ ಅವರೇ ತರಿಸಿಕೊಂಡು ತಂದಿದ್ದರು. ಮುಂಭಾಗವನ್ನು ಒಂದು ಇಂಚು ಇಳಿಸುವ ಗಿಡ್ಡ ಸ್ಪ್ರಿಂಗ್, ಚಕ್ರವನ್ನು ಹಿಡಿದಿರುವ ಕೆಳಗಿನ ತೋಳುಗಳಿಗೆ ವಿ8 ಬುಷ್ (ಬುಷ್ ಅಂದರೆ ತೋಳು ಆಡುವ ಕೀಲಿನಲ್ಲಿ ಕೂರುವ ರಬ್ಬರ್ ಬಳೆ), ತಿರುವಿನಲ್ಲಿ ಕಾರು ವಾಲದಂತೆ ತಡೆಯುವ 9/16 ಇಂಚಿನ ಆಂಟಿ ರೋಲ್ ಬಾರ್ ಬದಲಿಗೆ 3/4 ಇಂಚಿನದು.

ಎಂಜಿಬಿಯನ್ನು 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಕಟ್ಟಿದರು, ಐದು ಲಕ್ಷಕ್ಕೂ ಹೆಚ್ಚು. ಅದರ ಮುಂಭಾಗದ ರಚನೆ ನನಗೆ ಇಷ್ಟ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಾರಿಗೆ ಅಡ್ಡಲಾಗಿ ಒಂದು ಗಟ್ಟಿ ತೊಲೆ, ಅದೇ ಕ್ರಾಸ್ ಮೆಂಬರ್, ಅದರ ಎರಡೂ ತುದಿಗಳಲ್ಲಿ ಎಲ್ಲ ಭಾಗಗಳೂ ಕೂತಿವೆ. ಮೇಲಿನ ತೋಳು ಬೇರೆ ಇಲ್ಲ. ಸ್ಪ್ರಿಂಗಿನ ಕುಣಿತ ತಡೆಯುವ, ಎಣ್ಣೆ ತುಂಬಿದ ಲಿವರ್ ಡ್ಯಾಂಪರ್ ಮೇಲ್ಗಡೆ ಕೂತಿದೆ, ಅದರ ಕೈಗಳೇ ಮೇಲಿನ ವಿಶ್‌ಬೋನ್, ಅಂದರೆ ಮೇಲಿನ ತೋಳು. ಕೆಳಗೆ ಎರಡು ತೋಳು, ನಡುವೆ ಸ್ಪ್ರಿಂಗ್ ಕೂರುವ ತಟ್ಟೆ. ಮೇಲನ್ನೂ ಕೆಳಗನ್ನೂ ಜೋಡಿಸಿ ನಿಂತಿರುವುದು ಕಿಂಗ್ ಪಿನ್, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವುದು ಅದರ ಮೇಲೆ. ಕೆಳಗಿನ ತೋಳಿನ ಒಳತುದಿಯಲ್ಲಿ ಒಂದು ಕಣ್ಣು, ಕಣ್ಣಿನೊಳಗೆ ಬುಷ್. ಕ್ರಾಸ್ ಮೆಂಬರ್‌ಗೆ ಬೋಲ್ಟ್ ಆಗಿರುವ ಪಿವಟ್‌ನ (ತೋಳು ಆಡುವ ಅಚ್ಚು) ತುದಿಗೆ ಆ ಕಣ್ಣನ್ನು ತೂರಿಸಿ, ವಾಷರ್ ಇಟ್ಟು, ಕಿರೀಟದಂಥ ಹಲ್ಲಿರುವ ನಟ್ ಬಿಗಿದು, ಅದು ಸಡಿಲವಾಗದಂತೆ ಸ್ಪ್ಲಿಟ್ ಪಿನ್ ಹಾಕುತ್ತೇವೆ. ಒಂದೊಂದು ಬದಿಗೆ ಇಂಥ ಎರಡು ನಟ್. ನಾನು ಹೇಳಿದ ನಾಲ್ಕು ನಟ್ ಇವೇ.

ಸಾಧಾರಣ ಎಂಜಿಬಿಯಲ್ಲಿ ಆ ಕಣ್ಣಿಗೆ ಎರಡು ಅರ್ಧ ಬುಷ್‌ಗಳು, ಬರೀ ರಬ್ಬರ್. ಎಣ್ಣೆ ಕುಡಿದು, ಬಿಸಿಲು ಮಳೆ ತಿಂದು ಅವು ಉಬ್ಬಿ ಅಣಬೆಯ ಹಾಗೆ ಹೊರಗೆ ಚಾಚಿಕೊಳ್ಳುತ್ತವೆ. ಈ ಕಾರಿನಲ್ಲಿ ಬೆರಳಿನಿಂದ ಉಜ್ಜಿದರೆ ಕರಿಪುಡಿ ಉದುರುತ್ತಿತ್ತು. ವಿ8 ಬುಷ್ ಅನ್ನುವ ಹೆಸರು ಬಂದದ್ದು 1973ರಿಂದ 1976ರವರೆಗೆ ಬಂದ ಎಂಜಿಬಿ ಜಿಟಿ ವಿ8ನಿಂದ. ರೋವರ್‌ನ 3.5 ಲೀಟರ್ ಎಂಜಿನ್ ಹೊತ್ತ ಕಾರು ಅದು. ಆ ಬುಷ್ ಒಂದೇ ತುಂಡು, ನಡುವೆ ಉಕ್ಕಿನ ಕೊಳವೆ, ಅದಕ್ಕೆ ಅಂಟಿ ಕೂತ ರಬ್ಬರ್. ಕಣ್ಣಿನೊಳಗೆ ಒತ್ತಿಯೇ ಕೂರಿಸಬೇಕು. ನಾಲ್ಕು ಸಿಲಿಂಡರ್ ಎಂಜಿಬಿಗೂ ಅದು ಹೊಂದುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಸುಧಾರಣೆಗಳಲ್ಲಿ ಇದರಷ್ಟು ಪ್ರಯೋಜನ ಕೊಡುವುದು ಬೇರೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ಟೀರಿಂಗ್ ಚುರುಕಾಗುತ್ತದೆ, ಗುಂಡಿಗೆ ಬಿದ್ದರೆ ಮೈಗೆ ಏಟೂ ತಾಗುವುದಿಲ್ಲ.

ಕೆಲಸ ಸುಸೂತ್ರವಾಗಿಯೇ ನಡೆಯಿತು. ಕಾರು ಲಿಫ್ಟ್ ಮೇಲೆ, ಚಕ್ರಗಳನ್ನು ಕಳಚಿದ್ದೆ, ಮುಂಭಾಗ ಗಾಳಿಯಲ್ಲಿ ತೂಗುತ್ತಿತ್ತು. ಸ್ಪ್ರಿಂಗ್ ತೆಗೆಯುವಾಗ ಮಾತ್ರ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಸ್ಪ್ರಿಂಗ್ ತೋಳಿನ ನಡುಮಧ್ಯದ ಆಸುಪಾಸಿನಲ್ಲಿ ಕೂತಿರುವುದರಿಂದ ಚಕ್ರದ ಮೇಲಿನ ಭಾರ ಅದಕ್ಕೆ ಹತ್ತಿರ ಹತ್ತಿರ ಎರಡರಷ್ಟಾಗಿ ಬೀಳುತ್ತದೆ. ಕಾರು ನೆಲದ ಮೇಲೆ ನಿಂತಿರುವಾಗ ಒಂದೊಂದು ಸ್ಪ್ರಿಂಗ್ ಹೊತ್ತಿರುವುದು 400 ಕಿಲೋಗಿಂತ ಹೆಚ್ಚು. ಚಕ್ರ ಪೂರ್ತಿ ಜೋತುಬಿದ್ದಾಗಲೂ ಅದರೊಳಗೆ ಸಾಕಷ್ಟು ಒತ್ತಡ ಉಳಿದಿರುತ್ತದೆ. ತಟ್ಟೆಯ ಕೆಳಗೆ ಜಾಕಿ ಕೊಟ್ಟು, ಕಿಂಗ್ ಪಿನ್ನನ್ನು ಡ್ಯಾಂಪರ್ ಕೈಗಳಿಗೆ ಸೇರಿಸುವ ಮೇಲಿನ ಟ್ರನಿಯನ್ ಬೋಲ್ಟ್ ತೆಗೆದು, ಜಾಕಿಯನ್ನು ಎಳೆ ಎಳೆಯಾಗಿ ಇಳಿಸಬೇಕು. ಜಾಕಿಯ ತಲೆ ತಟ್ಟೆಯಿಂದ ಜಾರಿದರೆ ಸ್ಪ್ರಿಂಗ್ ಯಾವ ಕಡೆ ಹಾರುತ್ತದೋ ಹೇಳಲಾಗದು. ಹೊಸ ಹುಡುಗರು ಬಂದರೆ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ ಅಂತ ಮೊದಲೇ ಹೇಳುತ್ತೇನೆ.

ವಿ8 ಬುಷ್‌ಗಳನ್ನು ವೈಸ್‌ನಲ್ಲಿ ಒತ್ತಿ ಕೂರಿಸಿದೆ, ಜಾರಲು ಬರೀ ಸೋಪು ನೀರು. ರಬ್ಬರಿಗೆ ಎಣ್ಣೆ, ಸಾಮಾನ್ಯ ಗ್ರೀಸ್ ಸೋಕಿಸಬಾರದು, ಅದು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ತೋಳು ಹಾಕಿದೆ, ನಟ್ ಬಿಗಿದೆ, ಸ್ಪ್ಲಿಟ್ ಪಿನ್ ಮಡಿಸಿದೆ. ಕೈಗೆ ಎಟುಕುವಂತೆ ಎಲ್ಲವೂ ಎದೆಮಟ್ಟಕ್ಕಿತ್ತು, ಬೆಳಕೂ ಚೆನ್ನಾಗಿತ್ತು. ಹಾಗೆ ಅನುಕೂಲವಾಗಿದ್ದದ್ದೇ ತಪ್ಪಿಗೆ ದಾರಿಯಾಯಿತು. ಕಾರು ನೆಲಕ್ಕಿಳಿದ ಮೇಲೆ ಆ ನಟ್ ಹತ್ತಿರ ಸ್ಪ್ಯಾನರ್ ಒಯ್ಯುವುದು ಕಷ್ಟ, ಆದ್ದರಿಂದ ಮೇಲಿರುವಾಗಲೇ ಮುಗಿಸಿಬಿಡೋಣ ಅನ್ನಿಸುತ್ತದೆ.

ಕಾರು ಇಳಿಸಿ, ಸ್ವಲ್ಪ ದೂರ ಓಡಿಸಿ ಅಳತೆ ಹಿಡಿದೆ. ಹಬ್‌ನ (ಚಕ್ರದ ನಡುಭಾಗ) ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯುವುದು ನನ್ನ ರೂಢಿ, ಟೈರಿನ ಗಾತ್ರ, ಗಾಳಿ ಎರಡೂ ಲೆಕ್ಕಕ್ಕೆ ಬರುವುದಿಲ್ಲ. 25 ಮಿಲಿಮೀಟರ್ ಇಳಿಯಬೇಕಿತ್ತು, ಇಳಿದದ್ದು 12. ಸ್ಪ್ರಿಂಗ್ ಕೂತುಕೊಳ್ಳಲು ಕೆಲವು ದಿನ ಬೇಕು ಅಂತ ಅವರಿಗೆ ಹೇಳಿ ಕಳಿಸಿದೆ. ಎರಡು ವಾರದ ಮೇಲೆ ವಾಪಸ್ ಬಂದರು. ಅಳತೆ ಅಷ್ಟೇ ಇತ್ತು, ಜೊತೆಗೆ ಸಣ್ಣ ಉಬ್ಬುಗಳ ಮೇಲೆ ಮುಂಭಾಗ ಬಿಗಿಹಿಡಿದಂತೆ ಕುಟುಕುತ್ತದೆ ಅನ್ನುವ ಹೊಸ ದೂರು.

ಸ್ಪ್ರಿಂಗೇ ತಪ್ಪು ಅಂತ ತೀರ್ಮಾನಿಸಿದೆ. ಅದಕ್ಕೊಂದು ಕಾರಣವೂ ನನ್ನ ಬಳಿ ಇತ್ತು. 1974ರ ಕೊನೆಯ ಹೊತ್ತಿಗೆ ರಬ್ಬರ್ ಬಂಪರ್ ಬಂದಾಗ ಎಂಜಿಬಿಯನ್ನು ಇಂಚಿಗೂ ಹೆಚ್ಚು ಎತ್ತರಿಸಿದರು, ಹಾಗಾಗಿ ಮೊದಲಿನ ಕಾರಿಗೂ ಆಮೇಲಿನ ಕಾರಿಗೂ ಬೇರೆ ಬೇರೆ ಸಾಮಾನು ಬರುತ್ತದೆ, ಪೊಟ್ಟಣ ಅದಲು ಬದಲಾಗುವುದು ಅಪರೂಪವಲ್ಲ. ಬೇರೆ ಜೊತೆ ತರಿಸಿದೆ, ಮತ್ತೆ ಬಿಚ್ಚಿದೆ, ಹಾಕಿದೆ. ಸ್ಪ್ರಿಂಗ್ ಬದಲಿಸಲು ಮೇಲಿನ ಟ್ರನಿಯನ್ ಬಿಚ್ಚಿದರೆ ಸಾಕು, ಒಳಗಿನ ಆ ನಾಲ್ಕು ನಟ್‌ಗಳನ್ನು ಮುಟ್ಟಬೇಕಿಲ್ಲ. ಮುಟ್ಟಲಿಲ್ಲ. ಅಳತೆ ಹಿಡಿದರೆ ಮತ್ತದೇ 12, 13. ಎರಡು ಜೊತೆ ಸ್ಪ್ರಿಂಗ್‌ಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿದೆ, ಎತ್ತರ ಒಂದೇ. ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ನಮ್ಮ ಹಿರಿಯ ಫಿಟ್ಟರ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಸ್ಪ್ರಿಂಗ್ ಕಡೆ ನೋಡಲೂ ಇಲ್ಲ.

"ಒಳಗಿನ ನಟ್ ಯಾವಾಗ ಬಿಗಿದೆಯಪ್ಪ?" ಅಂದರು.

"ತೋಳು ಹಾಕಿದ ತಕ್ಷಣ ಅಣ್ಣ."

"ಕಾರು ಎಲ್ಲಿತ್ತು?"

"ಲಿಫ್ಟ್ ಮೇಲೆ."

ಅವರು ಮತ್ತೇನೂ ಹೇಳಲಿಲ್ಲ, ನಾಲ್ಕು ಮರದ ದಿಮ್ಮಿ ತರಿಸಿದರು. ನಾಲ್ಕೂ ಚಕ್ರಗಳ ಕೆಳಗೆ ದಿಮ್ಮಿ ಇಟ್ಟು, ಕಾರಿನ ಪೂರ್ತಿ ಭಾರ ಚಕ್ರಗಳ ಮೇಲೆಯೇ ಇರುವಂತೆ ನಿಲ್ಲಿಸಿದೆವು. ನಾನು ಕೆಳಗೆ ತೂರಿ ಎಡಗಡೆಯ ಮುಂದಿನ ನಟ್‌ನ ಸ್ಪ್ಲಿಟ್ ಪಿನ್ ಎಳೆದು, ಸ್ಪ್ಯಾನರ್ ಹಾಕಿ ಸಡಿಲಿಸಿದೆ. ಏನೂ ಆಗಲಿಲ್ಲ. ಹಿಂದಿನ ನಟ್ ಅರ್ಧ ಸುತ್ತು ಬಿಟ್ಟದ್ದೇ ತಡ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ 'ಕರ್ರ್' ಅಂದಿತು, ಕಾರಿನ ಆ ಮೂಲೆ ನನ್ನ ಕಣ್ಣೆದುರೇ ಉಸಿರು ಬಿಟ್ಟ ಹಾಗೆ ಕೆಳಗಿಳಿಯಿತು. ಬಲಗಡೆಯೂ ಹಾಗೇ. ಟೇಪ್ ಹಿಡಿದು ನೋಡಿದರೆ ಒಂದು ಕಡೆ 24, ಇನ್ನೊಂದು ಕಡೆ 26.

ಆಗ ವಿಷಯ ಪೂರ್ತಿ ತಲೆಗೆ ಹೋಯಿತು. ಬುಷ್ ಅಂದರೆ ತಿರುಗುವ ಬೇರಿಂಗ್ ಅಂತಲೇ ಇಷ್ಟು ದಿನ ಕೈ ನಡೆಸುತ್ತಿತ್ತು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ನಟ್ ಬಿಗಿದಾಗ ಒಳಗಿನ ಉಕ್ಕಿನ ಕೊಳವೆ ಪಿವಟ್‌ಗೆ ಒತ್ತಿ ನಿಂತುಬಿಡುತ್ತದೆ, ಅಲುಗದು. ಹೊರಗಿನ ಭಾಗ ತೋಳಿನ ಕಣ್ಣನ್ನು ಹಿಡಿದು ಅದರ ಜೊತೆ ಹೋಗುತ್ತದೆ. ನಡುವಿನ ರಬ್ಬರ್ ಈ ಎರಡರ ನಡುವೆ ಹಿಂಡಿದ ಬಟ್ಟೆಯ ಹಾಗೆ ತಿರುಚಿ, ಮತ್ತೆ ಬಿಚ್ಚಿಕೊಳ್ಳುತ್ತದೆ. ಬಿಗಿದ ಕ್ಷಣದಲ್ಲಿ ತೋಳು ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿಯ ಸ್ಥಾನ. ನಾನು ತೋಳು ಪೂರ್ತಿ ಜೋತುಬಿದ್ದಾಗ ಬಿಗಿದಿದ್ದೆ. ಕಾರು ನೆಲಕ್ಕೆ ಬಂದಾಗ ನಾಲ್ಕೂ ಬುಷ್ ತಿರುಚಿಕೊಂಡು, ನಾಲ್ಕು ಸಣ್ಣ ಸ್ಪ್ರಿಂಗ್‌ಗಳಾಗಿ, ಮುಂಭಾಗವನ್ನು ಮೇಲಕ್ಕೆ ನೂಕುತ್ತಿದ್ದವು. ಕುಟುಕುತ್ತಿದ್ದದ್ದೂ ಅದಕ್ಕೇ. ಸುಮ್ಮನೆ ನಿಂತಾಗಲೂ ರಬ್ಬರಿಗೆ ಬಿಡುವಿಲ್ಲ, ಉಬ್ಬು ಬಂದಾಗಲೆಲ್ಲ ಇನ್ನಷ್ಟು ತಿರುಚು.

ನಾಲ್ಕು ಬುಷ್‌ಗಳನ್ನೂ ಹೊರಗೆ ತೆಗೆದೆ. ಮೂರು ಸರಿಯಿದ್ದ ಹಾಗೆ ಕಂಡವು. ನಾಲ್ಕನೆಯದರ ಅಂಚಿನಲ್ಲಿ ರಬ್ಬರ್ ಉಕ್ಕಿನಿಂದ ಬಿಟ್ಟುಕೊಳ್ಳಲು ಶುರುವಾಗಿತ್ತು, ಉಗುರು ತೂರುವಷ್ಟು ಸೀಳು. ನಾಲ್ಕನ್ನೂ ಬದಲಿಸಿದೆವು. ಅದರ ಖರ್ಚನ್ನೂ ಎರಡನೆಯ ಜೊತೆ ಸ್ಪ್ರಿಂಗ್‌ನ ಖರ್ಚನ್ನೂ ಅವರಿಂದ ತೆಗೆದುಕೊಳ್ಳಲಿಲ್ಲ. ಏನಾಯಿತು, ಯಾಕಾಯಿತು ಅಂತ ಹಳೆಯ ಬುಷ್ ಕೈಗೆ ಕೊಟ್ಟೇ ವಿವರಿಸಿದೆ.

ಈಗ ಕೆಲಸದ ಕ್ರಮ ಬದಲಾಗಿದೆ. ಬಿಚ್ಚುವ ಮೊದಲೇ, ಕಾರು ಸಮನೆಲದ ಮೇಲೆ ನಿಂತಿರುವಾಗ, ನಾಲ್ಕೂ ಮೂಲೆಗಳ ಹಬ್ ಅಳತೆಯನ್ನು ಮಡ್‌ಗಾರ್ಡ್ ಮೇಲೆಯೇ ಟೇಪ್ ಅಂಟಿಸಿ ಬರೆದಿಡುತ್ತೇನೆ. ಜೋಡಿಸುವಾಗ ರಬ್ಬರ್ ಬುಷ್ ಇರುವ ಪ್ರತಿಯೊಂದು ನಟ್, ಮೇಲಿನ ಟ್ರನಿಯನ್ ಸೇರಿ, ವಾಷರ್ ಅಲುಗದಷ್ಟು ಮಾತ್ರ ಕೈಬಿಗಿ. ಸ್ಪ್ಲಿಟ್ ಪಿನ್‌ಗಳನ್ನು ಒಂದು ತಟ್ಟೆಯಲ್ಲಿ ಎದುರಿಗೇ ಇಟ್ಟಿರುತ್ತೇನೆ, ತಟ್ಟೆ ಖಾಲಿಯಾಗುವವರೆಗೆ ಕಾರು ರಸ್ತೆಗೆ ಹೋಗುವುದಿಲ್ಲ. ಆಮೇಲೆ ದಿಮ್ಮಿಗಳ ಮೇಲೆ ನಿಲ್ಲಿಸಿ, ಓಡಿಸುವವರ ತೂಕಕ್ಕೆ ಸರಿಯಾಗಿ ಸೀಟಿನಲ್ಲಿ ಮರಳು ಚೀಲ ಇಟ್ಟು, ಮುಂಭಾಗವನ್ನು ನಾಲ್ಕೈದು ಸಲ ಜೋರಾಗಿ ಅದುಮಿ ಬಿಟ್ಟು, ಆಮೇಲೆ ಕೊನೆಯ ಬಿಗಿ. ದಿಮ್ಮಿಗೆ ಜಾಗವಿಲ್ಲದ ಕಡೆ ಇನ್ನೊಂದು ದಾರಿ ಇದೆ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಸ್ಪ್ರಿಂಗ್ ತಟ್ಟೆಯ ಕೆಳಗೆ ಜಾಕಿ ಕೊಟ್ಟು, ಹಬ್‌ನಿಂದ ಮಡ್‌ಗಾರ್ಡ್‌ವರೆಗಿನ ಅಳತೆ ಬೇಕಾದಷ್ಟಕ್ಕೆ ಬರುವವರೆಗೆ ಎತ್ತಿ ಬಿಗಿಯುವುದು. ಆದರೆ ಗಿಡ್ಡ ಸ್ಪ್ರಿಂಗ್ ಹಾಕಿದಾಗ ಹಳೆಯ ಅಳತೆ ಹಿಡಿಯಬಾರದು, ಹೊಸ ಎತ್ತರವೇ ಲೆಕ್ಕ.

ರಬ್ಬರಿನ ಬದಲು ಪಾಲಿಯುರಿಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿದರೆ ಈ ತೊಂದರೆ ಇಲ್ಲವಲ್ಲ ಅಂತ ಕೇಳುವವರಿದ್ದಾರೆ. ನಿಜ, ಅದರಲ್ಲಿ ಕೊಳವೆ ಬುಷ್‌ಗೆ ಅಂಟಿರುವುದಿಲ್ಲ, ಒಳಗೆ ಜಾರಿ ತಿರುಗುತ್ತದೆ, ಯಾವಾಗ ಬಿಗಿದರೂ ನಡೆಯುತ್ತದೆ. ಆದರೆ ಜಾರಬೇಕಾದರೆ ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು, ಗ್ರೀಸ್ ಒಣಗಿದರೆ ಮೂಲೆ ಮೂಲೆಯಲ್ಲೂ ಕೀರಲು ಸದ್ದು. ರಸ್ತೆಯಲ್ಲಿ ಓಡಾಡುವ ಕಾರಿಗೆ ನಾನು ಈಗಲೂ ವಿ8 ಬುಷ್ಷನ್ನೇ ಹೇಳುತ್ತೇನೆ.

ಚಕ್ರದ ಮೇಲೆ ಭಾರ ಬಿದ್ದಿರುವಾಗಲೇ ಜೋಡಿಸಬೇಕು ಅನ್ನುವ ಮಾತು ಆಂಟಿ ರೋಲ್ ಬಾರ್‌ಗೂ ಅನ್ವಯಿಸುತ್ತದೆ. ಬಾರ್‌ನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. 9/16ರಿಂದ 3/4 ಇಂಚಿಗೆ ಹೋದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಸ್ವಲ್ಪವೇ, ಬಿಗಿತ ಮಾತ್ರ ಮೂರು ಪಟ್ಟಿಗೂ ಹೆಚ್ಚು. ಹಿಂಭಾಗ ಹಾಗೇ ಬಿಟ್ಟು ಮುಂದೆ ಮಾತ್ರ ಇಷ್ಟು ದಪ್ಪದ್ದು ಹಾಕಿದರೆ ಕಾರು ತಿರುವಿನಲ್ಲಿ ಹೊರಗೆ ಹೋಗಲು ನೋಡುತ್ತದೆ, ಅದನ್ನು ಮೊದಲೇ ಹೇಳಿಬಿಡಬೇಕು. ಒಂದು ಚಕ್ರ ಜೋತಿದ್ದು ಇನ್ನೊಂದು ಎತ್ತಿರುವಾಗ ಅದರ ಲಿಂಕ್ ಜೋಡಿಸಬಾರದು. ಎರಡೂ ಕಡೆ ಸಮನಾಗಿ ಭಾರ ಬಿದ್ದಿರುವಾಗ ಬೋಲ್ಟ್ ತಾನಾಗಿ ತೂರಬೇಕು. ಸುತ್ತಿಗೆಯಿಂದ ಬಡಿದು ತೂರಿಸಬೇಕಾಗಿ ಬಂದರೆ ಬಾರ್ ಆಗಲೇ ತಿರುಚಿಕೊಂಡಿದೆ ಅಂತಲೇ ಅರ್ಥ.

ಕೊನೆಗೆ ಟೋ ಇನ್, ಅಂದರೆ ಮುಂದಿನ ಎರಡು ಚಕ್ರಗಳು ಮುಂದುಗಡೆ ಎಷ್ಟು ಒಳಮುಖವಾಗಿವೆ ಅನ್ನುವ ಅಳತೆ. ಎತ್ತರ ಬದಲಾದರೆ ಅದೂ ಬದಲಾಗುತ್ತದೆ, ಎಂಜಿಬಿಗೆ 1/16ರಿಂದ 3/32 ಇಂಚು. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಹೊಂದಿಸಲು ಕಂಪನಿ ಯಾವ ವ್ಯವಸ್ಥೆಯನ್ನೂ ಕೊಟ್ಟಿಲ್ಲ, ಬೇಕಾದರೆ ಅದಕ್ಕೆಂದೇ ಸಿಗುವ ಉದ್ದ ತೋಳು ಹಾಕಬೇಕು. ಕಿಂಗ್ ಪಿನ್‌ಗೆ ಬದಿಗೆ ಮೂರು ನಿಪ್ಪಲ್ (ಗ್ರೀಸ್ ತುಂಬುವ ಮೊಳೆಯಂಥ ಬಾಯಿ), 3000 ಮೈಲಿಗೊಮ್ಮೆ ಗ್ರೀಸ್. ನಟ್ ಬಿಗಿಯುವುದಕ್ಕೆ ಚಕ್ರದ ಮೇಲೆ ಭಾರ ಇರಬೇಕು, ಗ್ರೀಸ್ ಹೊಡೆಯುವುದಕ್ಕೆ ಇರಬಾರದು. ಚಕ್ರ ಜೋತುಬಿದ್ದಾಗಲೇ ಗ್ರೀಸ್ ಒಳಗೆಲ್ಲ ಹರಡುವುದು.

ಆ ಕಾರು ನಾಲ್ಕು ತಿಂಗಳ ಮೇಲೆ ಗ್ರೀಸ್‌ಗೆ ಬಂತು. ಮಡ್‌ಗಾರ್ಡ್ ಮೇಲೆ ನಾನು ಬರೆದಿದ್ದ ಟೇಪ್ ಅವರು ಕಿತ್ತಿರಲಿಲ್ಲ. ಹಬ್‌ಗೆ ಅಳತೆ ಹಿಡಿದೆ, ಎಡಗಡೆ 2 ಮಿಲಿಮೀಟರ್ ಇಳಿದಿತ್ತು, ಬಲಗಡೆ 1. ಟಾರ್ಚ್ ಹಿಡಿದು ನಾಲ್ಕೂ ಬುಷ್‌ಗಳ ಅಂಚು ನೋಡಿದೆ. ರಬ್ಬರ್ ಉಕ್ಕನ್ನು ಸುತ್ತಲೂ ಹಿಡಿದುಕೊಂಡೇ ಇತ್ತು.